ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೇಳು

2002ರಲ್ಲಿ ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ, ಮತ್ಸ್ಯಗಂಧ ರೈಲು ಹತ್ತಿ ಕುರ್ಲಾದಲ್ಲಿ ಇಳಿದವನು ನಾನು. ಅಲ್ಲಿಂದ ಲೋಕಲ್‌ನಲ್ಲಿ ಎರಡೇ ಸ್ಟೇಷನ್ ಘಾಟ್ಕೋಪರ್. ಪಶ್ಚಿಮದ ಬದಿಯಲ್ಲಿ ಸೋದರಮಾವನ ಹೋಟೆಲು. ಊರಲ್ಲಿ ಅಮ್ಮ ‘ಮಗ ಮುಂಬಯಿಯಲ್ಲಿ ಕಂಪ್ಯೂಟರ್ ಕಲೀತಾ ಇದ್ದಾನೆ’ ಎಂದು ಹೇಳಿಕೊಂಡು ಬರುತ್ತಿದ್ದಳು. ಸುಳ್ಳಲ್ಲ, ದಿನಕ್ಕೆ ಒಂದು ಗಂಟೆ ಕಲಿಯುತ್ತಿದ್ದೆ. ಉಳಿದ ಹೊತ್ತೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕ.

ಕ್ಲಾಸು ಹಳೇ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ. ಮೇಷ್ಟ್ರು ಗುಜರಾತಿ, ಪಾಠ ಹಿಂದಿ, ಇಂಗ್ಲಿಷ್ ಕಲಸಿದ್ದು. ಕಲಿಸುತ್ತಿದ್ದುದು ವಿಶುವಲ್ ಬೇಸಿಕ್ 6. ಖಾಲಿ ಫಾರ್ಮಿನ ಮೇಲೆ ಮೌಸಿನಿಂದ ಒಂದು ಬಟನ್ ಎಳೆದು ಕೂರಿಸಿ, ಡಬಲ್ ಕ್ಲಿಕ್ ಮಾಡಿದರೆ ಕೋಡ್ ಬರೆಯುವ ಜಾಗ ತೆರೆದುಕೊಳ್ಳುತ್ತದೆ. ಮೊದಲ ದಿನ ಬಟನ್ ಒತ್ತಿದಾಗ ಪುಟ್ಟ ಪೆಟ್ಟಿಗೆಯೊಂದು ಎದ್ದು ನನ್ನ ಹೆಸರು ತೋರಿಸಿತು. ಮುಂಬಯಿಯಲ್ಲಿ ‘ಏ ಅಣ್ಣಾ’ ಎನ್ನದೆ ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು!

ಮೂರು ತಿಂಗಳಾಗುವಷ್ಟರಲ್ಲಿ ಹೋಟೆಲಿಗೊಂದು ಬಿಲ್ಲಿನ ಪ್ರೋಗ್ರಾಂ ಬರೆದೆ. ಮಾವ ಲ್ಯಾಮಿಂಗ್ಟನ್ ರೋಡಿನಿಂದ ಜೋಡಿಸಿದ ಕಂಪ್ಯೂಟರ್ ತರಿಸಿದರು. ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದ ಮೆನೇಜರ್ರು ಏನೂ ಮಾತಾಡಲಿಲ್ಲ. ಇನ್ನು ತಾನು ಊರಿಗೆ ಹೊರಡಬೇಕೇನೋ ಎಂಬ ಅಂಜಿಕೆ ಅವರ ಮುಖದಲ್ಲಿತ್ತು. ಕಂಡೂ ಕಾಣದಂತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದನೇ ತಾರೀಕಿಗೆ ಶುರು. ನಾಲ್ಕನೇ ದಿನ ಮಧ್ಯಾಹ್ನ, ಊಟದ ಗಲಾಟೆಯ ನಡುವೆ, ಪರದೆಯ ಮೇಲೆ ‘ಓವರ್‌ಫ್ಲೋ’ ಎಂದು ಬಂತು. ಓಕೆ ಒತ್ತಿದರೆ ಪ್ರೋಗ್ರಾಮೇ ಮಾಯ. ಬಿಲ್ಲುಗಳು ಫೈಲಿಗೆ ಸೇರುವುದು ರಾತ್ರಿ ಬಾಗಿಲು ಹಾಕುವಾಗ ಎಂದು ಬರೆದಿದ್ದೆ. ಬೆಳಗಿನ ವ್ಯಾಪಾರದ ಲೆಕ್ಕವೆಲ್ಲ ಹೋಯಿತು.

“ಎಂತ ಆಯ್ತ್ ಮಗಾ?” ಎಂದರು ಮಾವ. ನನ್ನ ಬಾಯಿ ಒಣಗಿತ್ತು.

ಆಗ ಮೆನೇಜರ್ರು ಮೇಜಿನಡಿಯಿಂದ ಉದ್ದ ಪುಸ್ತಕ ತೆಗೆದರು. ಬೆಳಿಗ್ಗೆ ಆರರಿಂದ ಪ್ರತಿ ಬಿಲ್ಲೂ ಪೆನ್ಸಿಲಿನಲ್ಲಿತ್ತು. “ಹೊಸ್ತಲ್ದಾ, ಹಾಂಗಾಯಿ ಬರ್ದಿಟ್ಟೆ” ಎಂದರು, ಅಷ್ಟೆ.

ತಪ್ಪು ಹುಡುಕಲು ಎರಡು ರಾತ್ರಿ ಬೇಕಾಯಿತು. ತಿಂಗಳ ಮೊತ್ತಕ್ಕೆ ‘ಇಂಟಿಜರ್’ ಎಂದು ಬರೆದಿದ್ದೆ. ವಿಬಿ 6ರಲ್ಲಿ ಅದಕ್ಕೆ ಸಿಗುವುದು 16 ಬಿಟ್ ಜಾಗ. 32,767 ದಾಟಿದರೆ ಹಿಡಿಸುವುದಿಲ್ಲ. (2002ರಲ್ಲೇ ಬಂದ ವಿಬಿ ಡಾಟ್ ನೆಟ್‌ನಲ್ಲಿ ಇದನ್ನು 32 ಬಿಟ್ ಮಾಡಿದ್ದರು. ನಮ್ಮ ಮೂರನೇ ಮಾಳಿಗೆಗೆ ಅದಿನ್ನೂ ಹತ್ತಿರಲಿಲ್ಲ.) ಪರೀಕ್ಷೆಗೆಂದು ನಾನು ಹಾಕಿ ನೋಡಿದ್ದ ಅತಿ ದೊಡ್ಡ ಮೊತ್ತ 1,800 ರೂಪಾಯಿ, ನನ್ನ ಸಂಬಳ. ಅದಕ್ಕಿಂತ ದೊಡ್ಡ ದುಡ್ಡನ್ನು ನನ್ನದೆಂದು ಎಣಿಸಿ ಗೊತ್ತಿರಲಿಲ್ಲ.

‘ಇಂಟಿಜರ್’ ಅಳಿಸಿ ‘ಕರೆನ್ಸಿ’ ಎಂದು ಬರೆದೆ. ಪ್ರತಿ ಬಿಲ್ಲೂ ಆಗಿಂದಾಗಲೇ ಫೈಲಿಗೆ ಹೋಗುವಂತೆ ಮಾಡಿದೆ. ಪುಸ್ತಕವೂ ಇರಲಿ ಎಂದು ಮಾವನಿಗೆ ನಾನೇ ಹೇಳಿದೆ.

ಆಮೇಲೆ ದಿನಾ ರಾತ್ರಿ ಶಟರ್ ಎಳೆದ ಮೇಲೆ ನಾನು ಪರದೆಯ ಮೊತ್ತ ಓದುವುದು, ಅವರು ಪುಸ್ತಕದ್ದು ಓದುವುದು. ಒಮ್ಮೊಮ್ಮೆ ಐದೋ ಹತ್ತೋ ರೂಪಾಯಿ ವ್ಯತ್ಯಾಸ ಬರುತ್ತಿತ್ತು. ಹೆಚ್ಚಾಗಿ ತಪ್ಪು ಕೀ ಒತ್ತಿದ ನನ್ನದೇ. ಅವರು ಊರಿಗೆ ಹೊರಟದ್ದು 2007ರಲ್ಲಿ, ಮಗನಿಗೆ ಕೆಲಸ ಸಿಕ್ಕ ಮೇಲೆ.