ಹುಚ್ಚರಾಯನೆಂಬ ಹೆಸರು

ಹೋದ ಕಾರ್ತಿಕಮಾಸದಲ್ಲಿ ನಮ್ಮ ಮನೆಯಲ್ಲಿ ಮೊಮ್ಮಗನಿಗೆ ನಾಮಕರಣವಾಯಿತು. ಅದಕ್ಕೆ ಹದಿನೈದು ದಿನ ಮೊದಲಿನಿಂದಲೇ ಹೆಸರಿನ ಚರ್ಚೆ ನಡೆದಿದ್ದಿತು. ಮಗನೂ ಸೊಸೆಯೂ ಬೆಂಗಳೂರಿನಿಂದ ಬರುವಾಗಲೇ ತಮ್ಮ ಮೊಬೈಲಿನಲ್ಲಿ ಮೂವತ್ತು ನಲವತ್ತು ಹೆಸರುಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಬಂದಿದ್ದರು. ಒಂದೊಂದೂ ಎರಡಕ್ಷರ, ಹೆಚ್ಚೆಂದರೆ ಮೂರಕ್ಷರ. ಕರೆದರೆ ಕಿವಿಗೆ ಇಂಪು. ಅರ್ಥವನ್ನು ಕೇಳಿದರೆ ಸೂರ್ಯನೋ ಆಕಾಶವೋ ಕಿರಣವೋ ಆಗಿರುವುದು. “ನೀವೂ ಒಂದು ಹೇಳಿ, ಅಪ್ಪಾ” ಎಂದು ಮಗನು ಮರ್ಯಾದೆಗಾಗಿ ನನ್ನನ್ನೂ ಕೇಳಿದನು. ನನ್ನ ನಾಲಗೆಯ ತುದಿಗೆ ಒಂದು ಹೆಸರು ಬಂದಿತು. ಬಂದುದನ್ನು ನುಂಗಿಕೊಂಡು, “ನಿಮಗೆ ಒಪ್ಪಿದ್ದನ್ನು ಇಡಿರಪ್ಪಾ” ಎಂದೆನು. ಆ ಹೆಸರನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದು ಆ ದಿನವೇ ಮನಸ್ಸಾಯಿತು. ಅದು ನನ್ನ ಹೆಸರೇ: ಹುಚ್ಚರಾಯ.

ಶಿಕಾರಿಪುರದ ಕಡೆಯ ವಾಚಕರಿಗೆ ಇದರ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಊರಿನ ಕೆರೆ ಹುಚ್ಚರಾಯನ ಕೆರೆ. ಊರಿನ ದೇವರು ಹುಚ್ಚರಾಯಸ್ವಾಮಿ. ಸ್ವಾಮಿಯೆಂದರೆ ಆಂಜನೇಯ. ಮೂರ್ತಿಯ ಮೂಗಿನಲ್ಲಿ ಸಾಲಿಗ್ರಾಮವಿರುವುದೆಂದು ಭಕ್ತರು ಹೇಳುವರು. ಮೂರ್ತಿಯು ಕೆರೆಯ ಬಳಿ ದೊರೆಯಿತೆಂದೂ, ಅದನ್ನು ಕಂಡವನ ಹೆಸರು ಹುಚ್ಚಪ್ಪನೆಂದೂ, ಕಂಡವನ ಹೆಸರೇ ಕಾಣಿಸಿಕೊಂಡವನಿಗೂ ನಿಂತಿತೆಂದೂ ಒಂದು ಐತಿಹ್ಯವುಂಟು. ಸಂಸ್ಕೃತದಲ್ಲಿ ಈ ಸ್ವಾಮಿಗೆ ಭ್ರಾಂತೇಶನೆಂದು ಹೆಸರು. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಲ್ಲಿ ಕಾಂತೇಶ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ ಶಾಂತೇಶ, ನಮ್ಮಲ್ಲಿ ಭ್ರಾಂತೇಶ, ಹೀಗೆ ಮೂವರು. ಈ ಮೂವರನ್ನೂ ಒಂದೇ ದಿನದೊಳಗೆ ದರ್ಶನಮಾಡಿದವರಿಗೆ ಕಾಶಿಗೆ ಹೋಗಿ ಬಂದ ಪುಣ್ಯವೆಂಬುದು ನಮ್ಮ ಸೀಮೆಯ ನಂಬಿಕೆ. ಎತ್ತಿನ ಗಾಡಿಯ ಕಾಲದಲ್ಲಿ ಇದು ಕಾಶಿಯಾತ್ರೆಗೆ ಸಮನಾದ ಸಾಹಸವೇ ಆಗಿದ್ದಿರಬೇಕು. ಈಗ ಕಾರಿನಲ್ಲಿ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹಿಂದಿರುಗುವರು. ಪುಣ್ಯದಲ್ಲಿ ಕಡಮೆಯಾಯಿತೆಂದು ಯಾರೂ ದೂರಿಲ್ಲ.

ಇನ್ನು ಆ ಹೆಸರು ನನಗೆ ಬಂದ ಬಗೆ. ನನಗಿಂತ ಮೊದಲು ನನ್ನ ತಾಯಿಗೆ ಎರಡು ಗಂಡುಮಕ್ಕಳು ಹುಟ್ಟಿ, ಎರಡೂ ವರ್ಷ ತುಂಬುವುದರೊಳಗಾಗಿ ತೀರಿಕೊಂಡಿದ್ದುವು. ಅವಕ್ಕೆ ಇಟ್ಟಿದ್ದ ಹೆಸರುಗಳು ಬಹು ಸೊಗಸಾದ ಹೆಸರುಗಳೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಯಾವುವೆಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಮೂರನೆಯ ಸಲ ನಾನು ಹುಟ್ಟಿದಾಗ ಅಜ್ಜಿಯು ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತು, ನನ್ನನ್ನು ಮೊರದಲ್ಲಿ ಮಲಗಿಸಿ, ನೆರೆಮನೆಯವರಿಗೆ ಮೂರು ಕಾಸಿಗೆ ಮಾರಿ, ಮರಳಿ ಕೊಂಡುಕೊಂಡಳಂತೆ. ನನ್ನ ಮೂಗಿನ ಎಡಹೊಳ್ಳೆಯಲ್ಲಿ ಚುಚ್ಚಿದ ಗುರುತು ಈಗಲೂ ಇದೆ.

ಕನ್ನಡನಾಡಿನಲ್ಲಿ ಇಂತಹ ಹೆಸರುಗಳಿಗೆ ಬರಗಾಲವಿಲ್ಲ. ತಿಪ್ಪೆಯ ಮೇಲೆ ಒಂದು ಕ್ಷಣ ಇಟ್ಟು ಎತ್ತಿಕೊಂಡ ಮಗು ತಿಪ್ಪಯ್ಯ, ತಿಪ್ಪಮ್ಮ. ಬೇಡಿ ತಂದ ಮಗು ಭಿಕ್ಷಪ್ಪ, ತಿರುಕಪ್ಪ. ಅಡವಿಗೆ ಒಪ್ಪಿಸಿದುದು ಅಡಿವೆಪ್ಪ. ಕಲ್ಲಾಗಿ ಬಾಳಲೆಂದು ಹರಸಿದುದು ಗುಂಡಪ್ಪ, ಕಲ್ಲಪ್ಪ. ಯಾರಿಗೂ ಬೇಡವಾದ ವಸ್ತುವೆಂದು ತೋರಿಸಿದರೆ ಮೃತ್ಯುವು ಮೂಸಿ ನೋಡಿ ಮುಂದಕ್ಕೆ ಹೋಗುವುದೆಂಬ ಲೆಕ್ಕಾಚಾರ. ಇದು ನಮ್ಮವರದು ಮಾತ್ರವಲ್ಲ. ಪಂಜಾಬಿನಲ್ಲಿ ಘಸೀಟಾ ಎಂಬ ಹೆಸರಿದೆ. ನೆಲದ ಮೇಲೆ ಎಳೆದಾಡಲ್ಪಟ್ಟವನೆಂದು ಅದರ ಅರ್ಥ. ತಮಿಳರ ಪಿಚ್ಚೈ ನಮ್ಮ ಭಿಕ್ಷಪ್ಪನೇ. ಆ ಹೆಸರನ್ನು ಹೊತ್ತ ಒಬ್ಬರು 2015ರಿಂದ ಗೂಗಲ್ ಎಂಬ ಜಗತ್ಪ್ರಸಿದ್ಧ ಸಂಸ್ಥೆಯ ಮುಖ್ಯಸ್ಥರಾಗಿದ್ದಾರೆ. ಪ್ರಾಚೀನ ರೋಮಿನವರಿಗೂ ಈ ವಿಷಯದಲ್ಲಿ ಸಂಕೋಚವಿರಲಿಲ್ಲ. ಬ್ರೂಟಸ್ ಎಂದರೆ ಅವರ ಭಾಷೆಯಲ್ಲಿ ಮೊದ್ದ, ಕ್ಲಾಡಿಯಸ್ ಎಂಬುದರ ಮೂಲ ಕುಂಟನೆಂಬ ಪದ. ಆದರೂ ನನ್ನ ಅಜ್ಜಿಯ ಜಾಣತನವು ಇವರೆಲ್ಲರಿಗಿಂತ ಒಂದು ತೂಕ ಹೆಚ್ಚೆಂದು ನನ್ನ ಎಣಿಕೆ. ಹುಚ್ಚರಾಯನೆಂದು ಕೂಗಿದರೆ ಮೃತ್ಯುವಿನ ಕಿವಿಗೆ ಅದು ಹೀನವಾದ ಹೆಸರು; ದೇವರ ಕಿವಿಗೆ ಅವನದೇ ಹೆಸರು. ಒಂದೇ ಕರೆಯಿಂದ ಒಬ್ಬನನ್ನು ಅಟ್ಟಿ ಇನ್ನೊಬ್ಬನನ್ನು ಕರೆಯುವ ಉಪಾಯ ಅದು.

ನನ್ನ ತಾಯಿಯ ತವರು ಸೊರಬದ ಸೀಮೆ. ಚಂದ್ರಗುತ್ತಿಯ ಬೆಟ್ಟವು ಅವರ ಗದ್ದೆಯ ಬದುವಿನಿಂದ ಕಾಣುತ್ತಿದ್ದಿತು. ಅವರ ಮನೆದೇವರು ಆ ಬೆಟ್ಟದ ಗುಹೆಯಲ್ಲಿರುವ ಗುತ್ಯಮ್ಮ. ಸೋದರಮಾವನಿಗೆ ನನ್ನನ್ನು ಗುತ್ಯಪ್ಪನೆಂದು ಕರೆಯಬೇಕೆಂಬ ಆಸೆ. ತನ್ನ ಮನೆಗೆ ಹೋದಾಗಲೆಲ್ಲ ಹಾಗೆಯೇ ಕರೆಯುತ್ತಲೂ ಇದ್ದನು. ಆ ಕಡೆಯ ಹಳ್ಳಿಗಳಲ್ಲಿ ಆಗ ಗುತ್ಯಪ್ಪನೆಂದು ಕೂಗಿದರೆ ನಾಲ್ಕು ಮನೆಗಳಿಂದ ಓಗೊಡುತ್ತಿದ್ದರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರು ಅದರೊಳಗಿನ ಗುತ್ತಿಯನ್ನು ಮರೆಯುವಂತಿಲ್ಲ, 1967ರಲ್ಲಿ ಆ ಪುಸ್ತಕವು ಹೊರಬಂದ ಮೇಲೆ ಯಾರೋ ನನ್ನ ಮಾವನಿಗೆ ಈ ಸಂಗತಿಯನ್ನು ತಿಳಿಸಲು, “ನಮ್ಮ ಹೆಸರು ಪುಸ್ತಕಕ್ಕೂ ಹೋಯಿತೇ!” ಎಂದು ಹಿಗ್ಗಿದನು. ಈಗ ಆ ಹಳ್ಳಿಗಳಲ್ಲಿ ಗುತ್ಯಪ್ಪನು ಅಜ್ಜಂದಿರ ಹೆಸರು. ಆದರೆ ಗುತ್ಯಮ್ಮನಿಗೆ ರೇಣುಕಾಂಬೆಯೆಂಬ ಪುರಾಣದ ಹೆಸರೂ ಇರುವುದರಿಂದ, ಅವಳ ಭಕ್ತರ ಮಕ್ಕಳು ರೇಣುಕೆಯರೂ ರೇಣುಕಪ್ಪಂದಿರೂ ಆಗಿ ಅವಳ ಆಶ್ರಯದಲ್ಲಿಯೇ ಉಳಿದರು. ಹುಚ್ಚರಾಯನಿಗೆ ಆ ಭಾಗ್ಯವಿಲ್ಲದೆ ಹೋಯಿತು. ಅವನ ಸಂಸ್ಕೃತದ ಹೆಸರು ಕನ್ನಡದ್ದನ್ನು ಮುಚ್ಚಲಿಲ್ಲ, ಅನುವಾದಿಸಿತು. ಭ್ರಾಂತನೆಂದರೂ ಹುಚ್ಚನೇ ತಾನೆ! ಕಾಂತೇಶರನ್ನೂ ಶಾಂತೇಶರನ್ನೂ ಹಾವೇರಿಯ ಕಡೆ ನಾನು ಅನೇಕರನ್ನು ಕಂಡಿದ್ದೇನೆ. ಭ್ರಾಂತೇಶನೆಂಬವನನ್ನು ಈ ಎಪ್ಪತ್ತು ವರ್ಷಗಳಲ್ಲಿ ಒಬ್ಬನನ್ನು ಮಾತ್ರ ಕಂಡೆನು. ಅವನೂ ತನ್ನನ್ನು ಬಿ. ಎಂಬ ಅಕ್ಷರದಿಂದಲೇ ಪರಿಚಯಿಸಿಕೊಂಡನು.

ಶಾಲೆಯಲ್ಲಿ ಹಾಜರಿಯನ್ನು ಕೂಗುವ ಹೊತ್ತು ನನಗೆ ದಿನದ ಮರಣವಾಗಿದ್ದಿತು. ನಮ್ಮೂರ ಹುಡುಗರು ನಗುತ್ತಿರಲಿಲ್ಲ. ಅವರಿಗೆ ಅದು ದೇವರ ಹೆಸರು. ಮಾಧ್ಯಮಿಕ ಶಾಲೆಗೆಂದು ಬೇರೆ ಊರಿಗೆ ಹೋದಮೇಲೆ ಕಷ್ಟವು ಪ್ರಾರಂಭವಾಯಿತು. ಅಲ್ಲಿ ‘ರಾಯ’ ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮೊದಲನೆಯ ಎರಡಕ್ಷರಗಳಿಗೇ ನಗೆಯೆದ್ದು ಉಳಿದವು ಮುಳುಗಿಹೋಗುತ್ತಿದ್ದುವು. ಉಪಾಧ್ಯಾಯರೊಬ್ಬರು, ಪ್ರಶ್ನೆಗೆ ಉತ್ತರ ತಪ್ಪಿದಾಗ, “ಹೆಸರಿಗೆ ತಕ್ಕ ಉತ್ತರ” ಎನ್ನುವರು. 1968ರಲ್ಲಿ ಎಸ್. ಎಸ್. ಎಲ್. ಸಿ. ಪರೀಕ್ಷೆಗೆ ಅರ್ಜಿಯನ್ನು ತುಂಬುವ ದಿನ, ಯಾರನ್ನೂ ಕೇಳದೆ, ಹುಚ್ಚು ಎಂಬುದನ್ನು ಒಂದು ಇಂಗ್ಲಿಷ್ ಅಕ್ಷರದೊಳಗೆ ಅಡಗಿಸಿ ‘ಎಚ್. ರಾಯಪ್ಪ’ ಎಂದು ಬರೆದೆನು. ಅಂದಿನಿಂದ ಇಂದಿನವರೆಗೆ ನೌಕರಿಯಲ್ಲಿಯೂ, ಪಿಂಚಣಿಯಲ್ಲಿಯೂ, ಆಧಾರ್ ಚೀಟಿಯಲ್ಲಿಯೂ ನಾನು ರಾಯಪ್ಪನೇ.

ತೇರ್ಗಡೆಯಾದ ಪತ್ರವು ಮನೆಗೆ ಬಂದಾಗ ಅಜ್ಜಿಯು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಅವಳಿಗೆ ಓದು ಬಾರದು. “ಎಲ್ಲಿ, ನಿನ್ನ ಹೆಸರು ಓದು ತಮ್ಮಾ, ಕೇಳೋಣ” ಎಂದಳು. ನಾನು ಕಾಗದವನ್ನು ಹಿಡಿದುಕೊಂಡು, ಅದರಲ್ಲಿ ಇಲ್ಲದ ಹೆಸರನ್ನು ಗಟ್ಟಿಯಾಗಿ ಓದಿದೆನು. “ಸರಕಾರದವರೂ ಅವನ ಹೆಸರು ಬರೆದರಲ್ಲ!” ಎಂದು ಅವಳು ಕೆರೆಯ ಕಡೆಗೆ ತಿರುಗಿ ಕೈಮುಗಿದಳು. ಎರಡು ವರ್ಷಗಳ ಮೇಲೆ ತೀರಿಕೊಂಡಳು. ನಿಜವನ್ನು ನಾನು ಹೇಳಲಿಲ್ಲ.

ನೌಕರಿಯ ಕಾಲದಲ್ಲಿ, ಬೇಸರವಾದ ಭಾನುವಾರಗಳಲ್ಲಿ, ನಮ್ಮ ಎರಡು ತಾಲ್ಲೂಕುಗಳ ಶಾಸನಗಳನ್ನು ತಿರುವಿಹಾಕುವ ಚಟವು ನನಗೆ ಹತ್ತಿತು. ಬಿ. ಎಲ್. ರೈಸರು ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಿಕಾರಿಪುರದ ಶಾಸನಗಳು 7ನೆಯ ಸಂಪುಟದಲ್ಲಿ, ಸೊರಬದವು 8ನೆಯದರಲ್ಲಿ ಇವೆ. ವಿದ್ವಾಂಸರು ಅವುಗಳಲ್ಲಿ ರಾಜರ ಕಾಲವನ್ನು ಹುಡುಕುವರು. ನಾನು ಹುಡುಕುತ್ತಿದ್ದುದು ಹೆಸರುಗಳನ್ನು. ಅಲ್ಲಿ ನನಗೆ ಒಬ್ಬ ಒಡನಾಡಿಯು ದೊರೆತನು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿರುವ ಕಂಬದ ಮೇಲೆ, ಕದಂಬರ ಮೂಲವನ್ನು ಮಯೂರಶರ್ಮನಿಂದ ಹಿಡಿದು ವರ್ಣಿಸುವ ಸಂಸ್ಕೃತ ಕಾವ್ಯವೊಂದಿದೆಯಷ್ಟೆ. ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ ಅದನ್ನು ರಚಿಸಿದ ಕವಿಯ ಹೆಸರು ಕುಬ್ಜ. ಕುಬ್ಜನೆಂದರೆ ಗೂನ! ಅಂತಹ ಛಂದಸ್ಸು, ಅಂತಹ ಅಕ್ಷರ, ಅಂತಹ ರಾಜಸನ್ನಿಧಿ. ಇವುಗಳ ನಡುವೆ ಆ ಮಹಾನುಭಾವನು ತನ್ನ ಹೆಸರನ್ನು ಮೊಟಕುಮಾಡದೆ ಕಲ್ಲಿನ ಮೇಲೆ ನಿಲ್ಲಿಸಿದನು. ಅವನ ತಾಯಿಯೂ ಯಾವುದೋ ಮಗುವನ್ನು ಕಳೆದುಕೊಂಡಿದ್ದಳೋ ಏನೋ ಎಂದು ನಾನು ಆ ಕಂಬದ ಮುಂದೆ ನಿಂತು ಯೋಚಿಸಿದ್ದುಂಟು. ಶಾಸನತಜ್ಞರು ಇದನ್ನು ಓದಿದರೆ ನಕ್ಕಾರು.

ಬಳ್ಳಿಗಾವೆಯ ಹೆಸರುಗಳದು ಬೇರೊಂದು ಕಥೆ. ಅಲ್ಲಿಂದ ಹೋದ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೊರೆದರು. ಇಂದು ದಾಸೋಜನೆಂದು ಮಗುವನ್ನು ಕರೆಯುವವರು ಎಲ್ಲಿದ್ದಾರೆ? ಉಡುತಡಿಯ ಮಹಾದೇವಿಯ ಹೆಸರು ನಾಡಿನ ಮೂಲೆಮೂಲೆಗಳಲ್ಲಿಯೂ ಹೆಣ್ಣುಮಕ್ಕಳಿಗೆ ನಡೆಯುತ್ತಿದೆ. ಅದೇ ತಾಲ್ಲೂಕಿನ ಅಲ್ಲಮನ ಹೆಸರೋ, ಅಷ್ಟು ದೊಡ್ಡದಾಗಿದ್ದೂ, ವಿರಳ. ಜನರು ಅವನ ಬಿರುದಾದ ಪ್ರಭುವನ್ನು ಎತ್ತಿಕೊಂಡು ಪ್ರಭುಲಿಂಗ, ಪ್ರಭುದೇವರೆಂದರು. ಅಲ್ಲಮನೆಂಬುದನ್ನು ಮಾತ್ರ ಗುಡಿಯಲ್ಲಿಯೇ ಬಿಟ್ಟರು. ಅರ್ಥವು ಕೈಗೆ ಸಿಕ್ಕದ ಹೆಸರನ್ನು ಮಗುವಿಗಿಡಲು ಮನುಷ್ಯನು ಅಂಜುವನು. ಅರ್ಥವು ಅತಿಯಾಗಿ ಸಿಕ್ಕುವುದನ್ನು ಇಡಲೂ ಅಂಜುವನು. ಊರೇ ಹೆಸರನ್ನು ಬದಲಾಯಿಸಿಕೊಂಡ ಮೇಲೆ ಮನುಷ್ಯರದೇನು! ಶಿಕಾರಿಪುರವು ಮೊದಲು ಮಳೇನಹಳ್ಳಿಯಾಗಿದ್ದು, ಆಮೇಲೆ ಮಹಾದಾನಪುರವಾಗಿ, ಕೊನೆಗೆ ಬೇಟೆಯ ಸಮೃದ್ಧಿಯಿಂದ ಈ ಹೆಸರನ್ನು ಪಡೆಯಿತೆಂದು ಹೇಳುವರು. ದಾನವು ಹೋಗಿ ಬೇಟೆಯು ನಿಂತಿತು.

ಹಾಗೆಂದು ಒರಟು ಹೆಸರಿನವರು ಮೇಲೆ ಬರಲಿಲ್ಲವೆಂದಲ್ಲ. ಮರುಳನೆಂದರೂ ಹುಚ್ಚನೇ, ಆದರೆ ಉಜ್ಜಿನಿಯ ಮರುಳಸಿದ್ಧನ ದೆಸೆಯಿಂದ ಮರುಳಪ್ಪ, ಮರುಳಯ್ಯ ಎಂಬ ಹೆಸರುಗಳನ್ನು ಕೇಳಿ ಯಾರೂ ನಗುವುದಿಲ್ಲ. ಅಷ್ಟಭೈರವರಲ್ಲಿ ಒಬ್ಬನು ಉನ್ಮತ್ತಭೈರವನು. ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿ, 1983ರಲ್ಲಿ ಶಿಕಾರಿಪುರದಿಂದ ಮೊದಲಬಾರಿಗೆ ವಿಧಾನಸಭೆಗೆ ಹೋದ ಯಡಿಯೂರಪ್ಪನವರ ಹೆಸರು ಎಡೆಯೂರಿನ ಸಿದ್ಧಲಿಂಗೇಶ್ವರನ ಸ್ಥಳದ್ದು. ಸೊರಬದ ಕುಬಟೂರಿನಲ್ಲಿ ಹುಟ್ಟಿದ ಬಂಗಾರಪ್ಪನವರದು ಮನೆಮಾತಿನ ಮುದ್ದಿನ ಹೆಸರು. ಇಬ್ಬರೂ ಹೆಸರನ್ನು ತಿದ್ದಿ ನಯಮಾಡದೆ ನಾಡಿನ ಮುಖ್ಯಮಂತ್ರಿಗಳಾದರು. ಇದು ತಿಳಿದಿದ್ದರೆ ಹದಿನಾರನೆಯ ವಯಸ್ಸಿನಲ್ಲಿ ನನಗೆ ಧೈರ್ಯ ಬರುತ್ತಿದ್ದಿತೇ? ಬರುತ್ತಿರಲಿಲ್ಲವೆಂದೇ ತೋರುವುದು.

ಬಚ್ಚಿಟ್ಟ ಹೆಸರು ಒಮ್ಮೆ ಹೊರಬಂದಿತು. ತಂದೆಯವರು 1994ರಲ್ಲಿ ತೀರಿಕೊಂಡಾಗ, ಎರಡೆಕರೆ ಗದ್ದೆಯನ್ನು ‘ನನ್ನ ಮಗ ಹುಚ್ಚರಾಯನಿಗೆ’ ಎಂದು ಉಯಿಲು ಬರೆದಿಟ್ಟಿದ್ದರು. ಖಾತೆಯ ಬದಲಾವಣೆಗೆಂದು ಒಂದು ಕಚೇರಿಗೆ ಹೋದೆನು. ಗುಮಾಸ್ತರು ನನ್ನ ಕಾಗದಗಳನ್ನು ನೋಡಿ, “ನೀವು ರಾಯಪ್ಪ, ಆ ಹುಚ್ಚರಾಯ ಎಲ್ಲಿದ್ದಾರೆ, ಅವರನ್ನು ಕರೆತನ್ನಿ” ಎಂದರು. ಹಾಸ್ಯಕ್ಕೆ ಹೇಳಿದುದಲ್ಲ; ಅವರ ಮುಖದಲ್ಲಿ ನಗೆಯ ಗುರುತೇ ಇರಲಿಲ್ಲ. ಹನ್ನೊಂದು ತಿಂಗಳು ಅಲೆದೆನು. ಕೊನೆಗೆ ಛಾಪಾ ಕಾಗದದ ಮೇಲೆ, ಹುಚ್ಚರಾಯನೂ ಎಚ್. ರಾಯಪ್ಪನೂ ಬೇರೆಬೇರೆಯಲ್ಲ, ಒಬ್ಬನೇ ವ್ಯಕ್ತಿಯೆಂದು ಪ್ರಮಾಣಮಾಡಿ ರುಜುಹಾಕಿದೆನು. ಅಜ್ಜಿಯ ಮುಂದೆ ಓದಿದ ಸುಳ್ಳು ಇಪ್ಪತ್ತೇಳು ವರ್ಷಗಳ ಮೇಲೆ ಹೀಗೆ ಕಾನೂನಿನ ಪ್ರಕಾರ ನಿಜವಾಯಿತು. ಆ ಕಾಗದವು ನನ್ನ ಪೆಟ್ಟಿಗೆಯಲ್ಲಿದೆ. ಮಗನಿಗೆ ಈ ಸಂಗತಿಯು ಗೊತ್ತಿಲ್ಲ; ಅವನಿಗೆ ಎಚ್. ಎಂಬುದು ಊರಿನ ಹೆಸರಿನ ಮೊದಲಕ್ಷರ.

ಹೆಸರು ಈಗ ಎಲ್ಲಿಯೂ ಇಲ್ಲವೆನ್ನುವಂತಿಲ್ಲ. ಲಾರಿಗಳ ಹಣೆಯ ಮೇಲೆ, ಅಂಗಡಿಗಳ ಫಲಕಗಳ ಮೇಲೆ, ಮದುವೆಯ ಕರೆಯೋಲೆಗಳ ನೆತ್ತಿಯಲ್ಲಿ ‘ಶ್ರೀ ಹುಚ್ಚರಾಯಸ್ವಾಮಿ ಪ್ರಸನ್ನ’ ಎಂದು ಢಾಳಾಗಿ ಬರೆದಿರುವುದನ್ನು ಶಿಕಾರಿಪುರದಲ್ಲಿ ನೋಡಬಹುದು. ಲಾರಿಗೆ ಇಟ್ಟರೆ ಗೌರವ, ಮಗುವಿಗೆ ಇಟ್ಟರೆ ಅಪಮಾನ. ಲೋಕದ ರೀತಿ ವಿಚಿತ್ರ. ಮೃತ್ಯುವಿನ ಭಯವು ಹಿಂದಿನಷ್ಟು ಇಲ್ಲದಿರುವುದೂ ಇದಕ್ಕೆ ಕಾರಣವಿರಬೇಕು. ಹುಟ್ಟಿದ ಮಗುವಿಗೆ ಹುಟ್ಟಿದ ದಿನದಿಂದಲೇ ಲಸಿಕೆ ಹಾಕುವ ಕಾಲದಲ್ಲಿ ಮೊರವೂ ಬೇಡ, ಮೂರು ಕಾಸೂ ಬೇಡ, ಹುಚ್ಚನ ಹೆಸರೂ ಬೇಡ. ಈ ಕಾರಣದಿಂದ ಹೆಸರು ಸತ್ತರೆ ನಾನು ದುಃಖಿಸಲಾರೆ; ನನ್ನ ತಾಯಿಯ ಆ ಎರಡು ಮಕ್ಕಳನ್ನು ನೆನೆದರಂತೂ ಖಂಡಿತವಾಗಿಯೂ ಇಲ್ಲ.

ನಾಮಕರಣದ ದಿನ ನನ್ನ ಮಗಳು, ಸೋದರತ್ತೆಯಾದ್ದರಿಂದ, ತೊಟ್ಟಿಲ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರನ್ನು ಉಸುರಿದಳು. ಪಟ್ಟಿಯಲ್ಲಿದ್ದುದೇ ಒಂದು ಹೆಸರು, ಎರಡಕ್ಷರದ್ದು. ಎಲ್ಲರಿಗೂ ಒಪ್ಪಿತು. ನನಗೂ ಒಪ್ಪಿತು, ಮಗುವು ಹೊಸ ಹೆಸರಿಗೆ ಆಗಲೇ ತಿರುಗಿ ನೋಡುವುದನ್ನು ಕಲಿತಿದೆ.

ಈ ಚೈತ್ರದಲ್ಲಿ ತೇರು ಮುಗಿದ ಕೆಲವು ದಿನಗಳಿಗೆ, ಜನಸಂದಣಿಯು ಕರಗಿದ ಮೇಲೆ, ಒಬ್ಬನೇ ಗುಡಿಗೆ ಹೋದೆನು. ಅರ್ಚನೆಗೆ ನಿಂತಿದ್ದ ಹುಡುಗ ಅರ್ಚಕನು ಹೊಸಬ. ತಟ್ಟೆಯನ್ನು ಕೈಗೆ ತೆಗೆದುಕೊಂಡು ಹೆಸರನ್ನೂ ನಕ್ಷತ್ರವನ್ನೂ ಕೇಳಿದನು. ಐವತ್ತು ವರ್ಷಗಳಿಂದ ಯಾರ ಮುಂದೆಯೂ ಬಾಯಿಬಿಟ್ಟು ಹೇಳದಿದ್ದುದನ್ನು ಆ ದಿನ ಹೇಳಿದೆನು.

“ಹುಚ್ಚರಾಯ.”

ಅವನು ವಿನಯದಿಂದ ನಕ್ಕು, “ಅದು ಸ್ವಾಮಿಯ ಹೆಸರಾಯಿತು ಅಜ್ಜಾರೇ, ನಿಮ್ಮ ಹೆಸರು ಹೇಳಿ” ಎಂದನು.

“ಅದೇ” ಎಂದೆನು. ಅವನು ಒಂದು ಕ್ಷಣ ನನ್ನ ಮುಖವನ್ನು ನೋಡಿ, ಗರ್ಭಗುಡಿಯ ಕಡೆಗೆ ತಿರುಗಿ ಸಂಕಲ್ಪವನ್ನು ಹೇಳತೊಡಗಿದನು.