ತಾರಸಿಯ ಮೇಲೆ ಹದಿನೈದು ಟ್ಯಾಂಕರ್

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಸೆಮಿನಾರ್ ಹಾಲ್. ನೀವು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ, ಅದರ ಪಕ್ಕದಲ್ಲಿ ಪಿಎಚ್‌ಡಿ ಮಾಡುತ್ತಿರುವ ಯುವಕ. "ಈ ಜಲಾನಯನ ಪ್ರದೇಶದಲ್ಲಿ ಅಂತರ್ಜಲ ಮರುಪೂರಣದ ಪ್ರಮಾಣವು ಭೂಬಳಕೆಯ ಬದಲಾವಣೆಗೆ ಅನುಗುಣವಾಗಿ..." ಮುಂದಿನ ಸಾಲಿನ ಹೈಸ್ಕೂಲ್ ಮೇಷ್ಟ್ರು ಆಕಳಿಸುತ್ತಾರೆ. ಪಕ್ಕದ ಗೃಹಿಣಿ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಇವರನ್ನು ಕರೆಸಿರುವುದೇ ಇದಕ್ಕೆ. ಜನರ ಮುಂದೆ ಮಾತಾಡುವುದನ್ನು ಸಂಶೋಧಕರು ಇವತ್ತು ಜನರಿಂದಲೇ ಕಲಿಯಬೇಕು.

ತರಬೇತಿ ಕೊಡಲು ಬಂದಿರುವ ಹಿರಿಯ ಪತ್ರಕರ್ತೆ ಲ್ಯಾಪ್‌ಟಾಪ್ ಮುಚ್ಚಿಸುತ್ತಾರೆ. "ನಕ್ಷೆ ಇರಲಿ ಬಿಡಿ. ಈ ಅಮ್ಮನ ಮನೆ ತಾರಸಿ ಎಷ್ಟಿದೆ ಕೇಳಿ."

"ಒಂದು ಸಾವಿರ ಚದರ ಅಡಿ ಇರಬಹುದಪ್ಪ."

ಹುಡುಗ ಮಾರ್ಕರ್ ಹಿಡಿದು ಬೋರ್ಡಿನತ್ತ ತಿರುಗುತ್ತಾನೆ. ಸಾವಿರ ಚದರ ಅಡಿ ಅಂದರೆ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್ ಎಂದಿಟ್ಟುಕೊಂಡರೆ ಸುಮಾರು 90 ಸಾವಿರ ಲೀಟರ್. ಅಷ್ಟಕ್ಕೆ ನಿಲ್ಲಿಸದೆ ಕೆಳಗೆ ಇನ್ನೊಂದು ಸಾಲು ಬರೆಯುತ್ತಾನೆ: 6,000 ಲೀಟರಿನ ಟ್ಯಾಂಕರ್, 15.

ಮೊಬೈಲ್ ಬ್ಯಾಗಿನೊಳಗೆ ಹೋಗುತ್ತದೆ. "ಹದಿನೈದು ಟ್ಯಾಂಕರಾ!" ನೀರಿಗೆ ಹಾಹಾಕಾರವೆದ್ದ 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ 5 ಕಿಲೋಮೀಟರ್ ಒಳಗಿನ ಇಂಥ ಒಂದು ಟ್ಯಾಂಕರ್‌ಗೆ 600 ರೂಪಾಯಿ ದರ ಗೊತ್ತುಮಾಡಿತ್ತು. 2009ರಲ್ಲಿ ಕಾಯ್ದೆ ತಿದ್ದಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದು ಯಾಕೆಂದು ಈಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಅಷ್ಟೂ ನೀರು ಸಿಗುತ್ತೇನಪ್ಪ?" ಮೇಷ್ಟ್ರು ಬಿಡುವವರಲ್ಲ.

"ಇಲ್ಲ ಸಾರ್. ಮೊದಲ ಮಳೆ ಧೂಳು ತೊಳೆದುಕೊಂಡು ಹೋಗುತ್ತೆ. ಜೋರು ಮಳೇಲಿ ತೊಟ್ಟಿ ತುಂಬಿ ಹರಿದುಹೋಗುತ್ತೆ."

ಆಗ ಗೃಹಿಣಿಯ ಪ್ರಶ್ನೆ: "ನಮ್ಮ ಬೋರ್ ಇನ್ನೆಷ್ಟು ವರ್ಷ ಬರುತ್ತೆ ಹೇಳು."

"ಇನ್ನೊಂದೆರಡು ವರ್ಷ..." ಅನ್ನುವಷ್ಟರಲ್ಲಿ ಪತ್ರಕರ್ತೆ ಕೈ ಎತ್ತುತ್ತಾರೆ. "ಅದಕ್ಕೆ ಲೆಕ್ಕ ಇದೆಯಾ?"

"ಇಲ್ಲ ಮೇಡಂ."

"ಹಾಗಾದ್ರೆ ಗೊತ್ತಿಲ್ಲ ಅಂತಲೇ ಹೇಳಿ. ಯಾಕೆ ಗೊತ್ತಿಲ್ಲ ಅನ್ನೋದನ್ನೂ ಹೇಳಿ."

ಹುಡುಗ ಸಾವರಿಸಿಕೊಳ್ಳುತ್ತಾನೆ. ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ಕೂತಿರುವುದು ಅದರ ಬಿರುಕುಗಳಲ್ಲಿ. ನಿಮ್ಮ ಕೊಳವೆಗೆ ಬಿರುಕು ಸಿಕ್ಕಿರಬಹುದು, ಪಕ್ಕದವರದಕ್ಕೆ ಸಿಕ್ಕದೇ ಇರಬಹುದು. ಒಂದು ಪ್ರದೇಶದ ನೀರಿನ ಮಟ್ಟ ಇಳಿಯುತ್ತಿದೆಯೇ ಎಂದು ಅಳೆದು ಹೇಳಬಹುದು. ಇಂಥದ್ದೇ ಬೋರ್ ಇಂಥ ವರ್ಷ ಬತ್ತುತ್ತದೆ ಎಂದು ಹೇಳಲಾಗದು.

"ಓ, ಅದಕ್ಕೇನಾ! ನಮ್ಮ ಪಕ್ಕದ ಮನೆಯವರು ಸಾವಿರ ಅಡಿ ಕೊರೆಸಿದ್ರೂ ಬರೀ ಧೂಳು ಬಂತು."

ಗೊತ್ತಿಲ್ಲ ಎಂದ ಮೇಲೂ ಆಕೆಗೆ ಹುಡುಗನ ಮೇಲಿನ ನಂಬಿಕೆ ಕಡಿಮೆಯಾಗಿಲ್ಲ, ಗಮನಿಸಿ. ಗಟ್ಟಿ ಬಂಡೆಯ ಭೂವಿಜ್ಞಾನ ಆಕೆಗೆ ಅರ್ಥವಾಗಿದೆ, ಅದಕ್ಕೆ ಉದಾಹರಣೆಯನ್ನೂ ಆಕೆಯೇ ಕೊಟ್ಟಿದ್ದಾರೆ. ಜನರಿಗೆ ವಿಜ್ಞಾನ ತಲೆಗೆ ಹೋಗಲ್ಲ ಎನ್ನುವುದು ಸಂಶೋಧಕರು ಹೇಳಿಕೊಂಡು ಬಂದ ನೆಪ.

ನಾಳೆ ನಿಮ್ಮ ಬಡಾವಣೆಗೂ ಕೆರೆ, ನೀರು, ಹವಾಮಾನ ಎಂದು ಯಾರಾದರೂ ಮಾತಾಡಲು ಬಂದಾರು. ಸಂಕೋಚಪಡದೆ ಎರಡು ಪ್ರಶ್ನೆ ಕೇಳಿ. ಇದರಿಂದ ನಮ್ಮ ಬೀದಿಗೇನು? ನಿಮಗೆ ಇನ್ನೂ ಗೊತ್ತಿಲ್ಲದಿರುವುದೇನು? ಎರಡಕ್ಕೂ ನೇರ ಉತ್ತರ ಕೊಟ್ಟವರ ಮಾತನ್ನು ಪೂರ್ತಿ ಕೇಳಿ.