ಬಲಗಾಲಿನ ತಪ್ಪು

ನಾನು ಕಲಿತದ್ದು 1998ರಲ್ಲಿ, ಅಣ್ಣನ 98 ಸಿಸಿ ಯಮಹಾ ಆರ್‌ಎಕ್ಸ್ 100ರಲ್ಲಿ. ಕಲ್ಪೆಟ್ಟದ ಇಕ್ಕಟ್ಟು ರಸ್ತೆಯಲ್ಲಿ ಅದು ಸೈಕಲಿನಂತೆ, ಮೈ ವಾಲಿದತ್ತ ಹೊರಳುತ್ತಿತ್ತು. ಬ್ಯಾಂಕಿಗೆ ಸೇರಿದ ವರ್ಷ ಮಾವನ ಹಳೆಯ 350 ಸಿಸಿ ಬುಲೆಟ್ ಹತ್ತಿ ತಾಮರಶ್ಶೇರಿ ಚುರಂ ಇಳಿದೆ. ಲಕ್ಕಿಡಿ ದಾಟಿದೊಡನೆ, ಒಂಬತ್ತನೆಯ ತಿರುವಿನಲ್ಲಿ ಎದುರಿಗೆ ಬಸ್ಸು. ರೂಢಿಯಂತೆ ಬಲಗಾಲು ಒತ್ತಿದೆ. ಹಳೆಯ ಬುಲೆಟ್ಟಿಗೆ ಬಲಕ್ಕಿರುವುದು ಗೇರು, ಬ್ರೇಕು ಎಡಕ್ಕೆ! 160 ಕಿಲೋಗೂ ಮಿಕ್ಕಿದ ಭಾರ ಹೊರಕ್ಕೇ ಎಳೆಯಿತು. ಕೈಬ್ರೇಕು ಹಿಡಿದು, ತಡೆಗೋಡೆಗೆ ಗೇಣು ದೂರದಲ್ಲಿ ನಿಂತೆ. ಮಾವನಿಗೆ ಹೇಳಲಿಲ್ಲ.

ಈಗ ಮಗ ಬುಲೆಟ್ ಕೇಳುತ್ತಿದ್ದಾನೆ. ಈಗಿನದಕ್ಕೆ ಗೇರು ಎಡಕ್ಕೇ ಇದೆ. ಭಾರ ಮಾತ್ರ ಇನ್ನೂ ಹೆಚ್ಚು. “ಮೊದಲು ಸಣ್ಣದರಲ್ಲಿ ಒಂದು ಮಳೆಗಾಲ ಕಳೆಯಲಿ ಮಗಾ” ಎಂದೆ. ನಕ್ಕ. ಮಲಯಾಳಂ ಶಾಲೆಯಲ್ಲಿ ಕಲಿತವನು, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾನೆ. ಇದನ್ನಾದರೂ ಓದಲಿ.